ಗದ್ದಕ್ಕನೂ ಸ್ಟೋರಿನವರ ಹಲ್ಲೂ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೆ ಇತ್ತು. ಆದರೆ ಅದು ಕರೆಂಟ್ ಬಿಲ್ಲಿನಲ್ಲಿ ಬಿಟ್ಟು ಬೇರೆಲ್ಲೂ ಬದುಕಿರಲಿಲ್ಲ. ಬೀದಿಗೆಲ್ಲ ಅವಳು ಗದ್ದಕ್ಕ. ಸ್ಟುಡಿಯೋದ ಸ್ಟೂಲಿನ ಮೇಲೆ ಕೂತವರು ಮಗುವಾಗಲಿ ಮುದುಕರಾಗಲಿ, ಜಡ್ಜ್ ಸಾಹೇಬರಾಗಲಿ ನಲ್ಲಿ ರಿಪೇರಿಯವನಾಗಲಿ, ಎಲ್ಲರಿಗೂ ಮೂವತ್ತು ವರ್ಷದಿಂದ "ಗದ್ದ ಸ್ವಲ್ಪ ಕೆಳಗೆ" ಎಂದು ಹೇಳಿ ಹೇಳಿ ಬಂದ ಹೆಸರು ಅದು. ಕಿವಿ ಕೊಂಚ ಮಂದವಾಗಿದ್ದ ಕೆಲವರು ಅದನ್ನು 'ಗಡ್ಡಕ್ಕ' ಎಂದು ಕೇಳಿಸಿಕೊಂಡು, ಗಡ್ಡ ಬಿಟ್ಟ ಹೆಂಗಸು ಹೇಗಿರುತ್ತಾಳೋ ನೋಡೋಣ ಅಂತ ಬಂದು, ನುಣ್ಣನೆಯ ಮುಖ ಕಂಡು ನಿರಾಸೆಯಾಗಿ, ಬಂದ ತಪ್ಪಿಗೆ ಆರು ಪಾಸ್‌ಪೋರ್ಟ್ ಸೈಜ್ ತೆಗೆಸಿಕೊಂಡು ಹೋದದ್ದೂ ಉಂಟು. ಹಾಗಾಗಿ ಆ ಹೆಸರನ್ನು ತಿದ್ದುವ ಗೋಜಿಗೆ ಅವಳು ಹೋಗಲೇ ಇಲ್ಲ.

ಸ್ಟುಡಿಯೋ ಅವಳ ಸೋದರಮಾವನದು. ಕಸ ಗುಡಿಸಲು ಬಂದ ಹದಿನೇಳರ ಹುಡುಗಿ ಅಲ್ಲೇ ಕ್ಯಾಮೆರಾ ಹಿಡಿದು, ಅಲ್ಲೇ ಯಜಮಾನಿಯಾದಳು. ಮಾವನಿಗೆ ಈಗ ಎಂಬತ್ತು. ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಭೂತಕನ್ನಡಿ ಹಿಡಿದು ಪ್ರತಿಯೊಂದು ಪ್ರಿಂಟನ್ನೂ ನೋಡಿ "ಪರವಾಗಿಲ್ಲ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವರ ಬಾಯಿಂದ ಯಾರೂ ಕೇಳಿದವರಿಲ್ಲ.

ಗಂಡನದು ಹಲ್ಲಿನ ಸೆಟ್ ಮಾಡುವ ಕೆಲಸ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು. ಇವನು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಅಚ್ಚು ಹೊಯ್ದು, ಒಸಡು ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಜನರ ಬಾಯಿ ತುಂಬಿಸುತ್ತಿದ್ದ. "ಹಿಂದಿನ ರೂಮಲ್ಲಿ ಗಂಡ ಹಲ್ಲು ಕೊಡ್ತಾನೆ, ಮುಂದಿನ ರೂಮಲ್ಲಿ ಹೆಂಡ್ತಿ ತೋರ್ಸಿ ಅಂತಾಳೆ. ಒಂದೇ ಮನೇಲಿ ಎರಡೂ ಆಗ್ಹೋಗತ್ತೆ" ಎಂದು ಎದುರು ಅಂಗಡಿಯ ಬೀಗ ರಿಪೇರಿಯವನು ಎಲ್ಲರಿಗೂ ಹೇಳುತ್ತಿದ್ದ.

ಮೊಬೈಲು ಬಂದ ಮೇಲೆ ಎಲ್ಲರ ಗದ್ದ ಅವರವರ ಕೈಗೇ ಹೋಯಿತು. ಸ್ಟೂಲು ಖಾಲಿ ಹೊಡೆಯತೊಡಗಿದಾಗ ಗದ್ದಕ್ಕ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಆಫೀಸು, ಕಾರ್ಖಾನೆಗಳ ಸಮಾರಂಭಗಳಿಗೆ ಹೊರಟಳು. ಸ್ಟುಡಿಯೋದಲ್ಲಿ ಅವಳು ಹೇಳಿದ್ದೇ ವೇದವಾಕ್ಯ. ಹೊರಗೆ ಯಾರೂ ನಿಲ್ಲುವವರಲ್ಲ, ಕೂರುವವರಲ್ಲ. ಮೊದಲ ಸಮಾರಂಭ ಒಂದು ವಿಮಾ ಕಚೇರಿಯದು. ಒಳ್ಳೆಯ ಕೆಲಸಗಾರನಿಗೆ ಮುಖ್ಯಸ್ಥರು ಫಲಕ ಕೊಡುವ ಹೊತ್ತಿಗೆ ಸರಿಯಾಗಿ ಇವಳು, "ಸರ್, ಹಾಗೇ ಇರಿ! ಗದ್ದ ಸ್ವಲ್ಪ ಕೆಳಗೆ! ಇನ್ನೂ ಸ್ವಲ್ಪ!" ಎಂದು ಕೂಗಿದಳು. ಇಬ್ಬರೂ ಫಲಕ ಹಿಡಿದು ಹಾಗೇ ನಿಂತರು. ಇವಳು ಬೆಳಕು ಸರಿಮಾಡುತ್ತಲೇ ಇದ್ದಳು. ಹಿತ್ತಾಳೆಯ ಫಲಕ ಭಾರವಿತ್ತು. ಕೊನೆಗೆ ಅದು ಮುಖ್ಯಸ್ಥರ ಕಾಲಿನ ಹೆಬ್ಬೆರಳ ಮೇಲೆ ಬಿದ್ದಾಗ ಇವಳ ಬೆರಳು ಗುಂಡಿ ಒತ್ತಿತು. ಮಾವ ಆ ಪ್ರಿಂಟನ್ನು ಬಹಳ ಹೊತ್ತು ನೋಡಿ, "ಪರವಾಗಿಲ್ಲ. ಭಾವನೆ ಇದೆ" ಎಂದರು. ವಿಮಾ ಕಚೇರಿಯವರು ಮತ್ತೆ ಕರೆಯಲಿಲ್ಲ.

ಆದರೂ ಬಿದ್ದು ಎದ್ದು ಎರಡು ವರ್ಷದಲ್ಲಿ ಕೆಲಸ ಕೈಹತ್ತಿತು. ಹೀಗಿರುವಾಗಲೇ ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಿಂದ ಕರೆ ಬಂತು.

ಕರೆದವರು ಸಿಬ್ಬಂದಿ ವಿಭಾಗದ ಮೇಡಂ. ಎದೆಗೆ ಫೈಲು ಅವಚಿಕೊಂಡು, ಬಸ್ಸು ತಪ್ಪಿಹೋಗುವವರ ಹಾಗೆ ಮಾತಾಡುವ ಹೆಂಗಸು.

"ನೋಡಿ, ಕಾರ್ಖಾನೆಗೆ ಮೂವತ್ತು ವರ್ಷ ತುಂಬ್ತಾ ಇದೆ. ಎಂಟ್ರೆನ್ಸ್ ಗೋಡೆ ಮೇಲೆ ನೂರ ನಲವತ್ತು ಜನರದ್ದೂ ಫೋಟೋ ಬರ್ಬೇಕು. ಆಮೇಲೆ ಸಮಾರಂಭದ ಫೋಟೋನೂ ನಿಮ್ದೇ. ಒಂದೇ ಕಂಡೀಷನ್. ಎಲ್ಲರೂ ನಗ್ತಾ ಇರ್ಬೇಕು. ಹಲ್ಲು ಕಾಣ್ಬೇಕು. ದೊಡ್ಡ ಸಾಹೇಬ್ರು 'ನಗುಮುಖದ ಕಾರ್ಖಾನೆ' ಅಂತ ಬೋರ್ಡು ಆಗಲೇ ಬರೆಸಿಬಿಟ್ಟಿದ್ದಾರೆ."

"ಬೋರ್ಡ್ ಬರ್ಸಿದ್ರೆ ನಗ್ಲೇಬೇಕು ಬಿಡಿ" ಎಂದಳು ಗದ್ದಕ್ಕ.

ಪ್ಯಾಕಿಂಗ್ ವಿಭಾಗದ ಮೂಲೆಯಲ್ಲಿ ಬೂದು ಬಟ್ಟೆ ಇಳಿಬಿಟ್ಟು, ಎರಡು ದೀಪ ನಿಲ್ಲಿಸಿ, ಬೆಳಕು ತಿರುಗಿಸಲು ಒಂದು ಥರ್ಮೊಕೋಲ್ ಹಲಗೆ ಒರಗಿಸಿ, ಸ್ಟೂಲು ಹಾಕಿದಳು. ಕೆಲಸಗಾರರು ಸೀಮೆಎಣ್ಣೆಯಲ್ಲಿ ಗ್ರೀಸು ಒರೆಸಿಕೊಂಡು, ಸೋಪಿನಲ್ಲಿ ಮುಖ ಉಜ್ಜಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಸಾಲುಗಟ್ಟಿದರು. ಹಲ್ಲು ತೋರಿಸಿ ಅಂದರೆ ತೋರಿಸಿದರು. ಸಂತೆಯಲ್ಲಿ ಎತ್ತು ವ್ಯಾಪಾರಿಗೆ ತೋರಿಸುವ ಹಾಗೆ. ಮನೆಯ ಸುದ್ದಿ ಕೇಳಿ, ಊಟದ ಡಬ್ಬಿಯ ಸುದ್ದಿ ಕೇಳಿ, ಶಿಫ್ಟಿನಲ್ಲಿ ಗೊರಕೆ ಹೊಡೆಯುವವರು ಯಾರೆಂದು ಕೇಳಿ, ಹೇಗೋ ಒಬ್ಬೊಬ್ಬರಿಂದ ಒಂದೊಂದು ನಗು ಹಿಂಡಿ ತೆಗೆದಳು.

ಲೇತ್ ವಿಭಾಗದ ಒಂಬತ್ತನೆಯವನು ಬಂದು ಕೂತಾಗ ಅವಳಿಗೆ ಏನೋ ಅನುಮಾನ ಬಂತು. ಅವನ ತಿಳಿನೀಲಿ ಅಂಗಿಯ ಜೇಬಿನ ಕೆಳಗೆ ಒಂದು ಶಾಯಿಯ ಕಲೆ. ಎಂಟನೆಯವನ ಜೇಬಿನ ಕೆಳಗೂ ಇತ್ತು. ಅದಕ್ಕೆ ಮುಂಚಿನವನದೂ ತಿಳಿನೀಲಿಯೇ. ಬೂದು ಬಟ್ಟೆ ಸರಿಸಿ ಹಿಂದೆ ಇಣುಕಿದರೆ, ಎಂಟನೆಯವನು ಬನಿಯನ್ನಿನಲ್ಲಿ ನಿಂತಿದ್ದಾನೆ. ಹತ್ತನೆಯವನು ಒಂಬತ್ತನೆಯವನು ಎದ್ದೇಳುವುದನ್ನೇ ಕಾಯುತ್ತಾ ಅಂಗಿ ಬಿಚ್ಚಿ ತಯಾರಾಗಿದ್ದಾನೆ.

"ಇಸ್ತ್ರಿ ಮಾಡಿದ್ದು ಇದೊಂದೇ ಇತ್ತಕ್ಕಾ" ಎಂದ ಅವನು. "ಇನ್ನೇನು ಏಳು ಜನ ಇದ್ದೀವಿ. ಹಾಗೇ ಸಾಗಿಸಿಬಿಡಿ."

ಸಾಗಿಸಿಬಿಟ್ಟಳು. ಕೊನೆಯ ಹದಿನಾರನೆಯವನು ದಪ್ಪಗಿದ್ದ. ಅವನಿಗೆ ಅಂಗಿಯ ಮುಂಭಾಗ ಹೊದಿಸಿ, ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕಿ ಕೂರಿಸಿದರು.

ನಾಲ್ಕು ದಿನಕ್ಕೆ ನೂರ ಮೂವತ್ತೊಂಬತ್ತು ಮುಖ ಮುಗಿಯಿತು. ಉಳಿದದ್ದು ಒಂದು, ಸ್ಟೋರಿನವರದು.

ಅವರು ಆ ಕಾರ್ಖಾನೆ ಶುರುವಾದ ದಿನದಿಂದ ಸ್ಟೋರು ನೋಡಿಕೊಂಡವರು, ಇದೇ ತಿಂಗಳು ನಿವೃತ್ತರಾಗುವವರು. ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ, ಉದ್ದ ಮುಖ, ಬೀಗ ಹಾಕಿದಂತೆ ಮುಚ್ಚಿದ ತುಟಿ. ತಂತಿಜಾಲರಿಯ ಕಿಟಕಿಯ ಹಿಂದೆ ಕೂತಿರುತ್ತಿದ್ದರು. ಅವರ ಮಾತು ಮಾತ್ರ ವಿಚಿತ್ರವಾಗಿತ್ತು. ಸ್ಟೋರಿಗೆ 'ಉಗ್ರಾಣ' ಅನ್ನುತ್ತಿದ್ದರು. ಸ್ಕ್ರೂಗೆ 'ತಿರುಪು'. ಸ್ಪ್ಯಾನರಿಗೆ 'ನಟ್ಟು ಬಿಚ್ಚೋ ಕೀಲಿ'. ಇದನ್ನು ಕಂಡು ಮೇಡಂ ಒಮ್ಮೆ ಅವರಿಗೆ 'ಭಾಷಾಭಿಮಾನಿ' ಎಂದು ಪ್ರಮಾಣಪತ್ರವನ್ನೂ ಕೊಟ್ಟಿದ್ದರು. ಅದು ಕಿಟಕಿಯ ಪಕ್ಕದಲ್ಲೇ ನೇತಾಡುತ್ತಿತ್ತು.

"ಸ್ವಲ್ಪ ನಗಬೇಕಲ್ಲ ಸರ್" ಎಂದಳು ಗದ್ದಕ್ಕ, ಅವರು ಸ್ಟೂಲಿನ ಮೇಲೆ ಕೂತಾಗ.

"ಯಾಕೆ?"

"ಫೋಟೋಗೆ. ಎಲ್ಲರೂ ನಗಬೇಕು ಅಂತ ಮೇಡಂ ಹೇಳಿದ್ದಾರೆ."

"ನಾನು ಒಳಗೇ ನಗ್ತಾ ಇರ್ತೀನಿ. ನೀವು ತೆಗೀರಿ."

ಅವಳು ತನ್ನ ಬತ್ತಳಿಕೆಯ ಜೋಕುಗಳನ್ನೆಲ್ಲ ಬಿಟ್ಟಳು. ಪ್ರತಿಯೊಂದನ್ನೂ ಅವರು ತಲೆ ವಾಲಿಸಿ ಶ್ರದ್ಧೆಯಿಂದ ಕೇಳಿ, "ಚೆನ್ನಾಗಿದೆ" ಎಂದರು. ತುಟಿ ಅಲುಗಲಿಲ್ಲ. ಕಲ್ಲಿನಿಂದ ನಾರು ತೆಗೆದೇನು, ಈ ಮನುಷ್ಯನಿಂದ ನಗು ತೆಗೆಯಲಾರೆ ಅನ್ನಿಸಿತು ಅವಳಿಗೆ. ನಲವತ್ತಮೂರು ಸಲ ಕ್ಲಿಕ್ಕಿಸಿ ಸೋತಳು.

"ಇನ್ನೊಂದು ದಿನ ಪ್ರಯತ್ನ ಮಾಡೋಣ ಸರ್. ಸೋಮವಾರ ಬರ್ಲಾ?"

ಅವರು ಒಂದು ಕ್ಷಣ ಯೋಚಿಸಿದರು. "ಭಾನುವಾರದ ಮಾರನೇ ದಿನ ಬನ್ನಿ."

ಇದೇನಪ್ಪಾ ಇದು ಎಂದು ಅವಳು ಕಣ್ಣು ಕಣ್ಣು ಬಿಡುವಷ್ಟರಲ್ಲಿ, ಯಾವನೋ ಫಿಟ್ಟರು ಎದುರಿಗೇ ಖಾಲಿ ಬಿದ್ದ ಸ್ಟೋರಿನ ಕಿಟಕಿಯೊಳಗೆ ಕೈ ಹಾಕಿ ಗ್ರೀಸು ಒರೆಸುವ ಹತ್ತಿ ಎರಡು ಹಿಡಿ ಎತ್ತಿಕೊಂಡು ಹೊರಟ. ಸ್ಟೋರಿನವರು ಸ್ಟೂಲಿನಿಂದಲೇ ನೆಗೆದೆದ್ದು, "ಏಯ್! ಸಹಿ!" ಎಂದು ಕೂಗಿದರು.

'ಸ' ಎಂಬ ಅಕ್ಷರದ ಜೊತೆಗೆ ಉದ್ದನೆಯ ಒಂದು ಸಿಳ್ಳೆ ಹೊರಟಿತು. ರೈಲು ಬಿಡುವಾಗ ಗಾರ್ಡು ಊದುತ್ತಾನಲ್ಲ, ಹಾಗೆ. ಸ್ಟೋರಿನವರು ಗಬಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದು, ಕಿವಿಯವರೆಗೂ ಕೆಂಪಾಗಿ, ಕಿಟಕಿಯ ಹಿಂದೆ ಹೋಗಿ ಕೂತುಬಿಟ್ಟರು.

ಆ ಸಂಜೆ ಮಾವ ಭೂತಕನ್ನಡಿಯಲ್ಲಿ ಪ್ರಿಂಟುಗಳನ್ನು ನೋಡುತ್ತಾ, "ಒಂದೇ ಫೋಟೋನ ಯಾಕೆ ನಲವತ್ಮೂರು ಸಲ ಹಾಕ್ಸಿದೀಯೆ ಮಗಳೇ?" ಎಂದು ಕೇಳಿದರು.

ಊಟಕ್ಕೆ ಕೂತಾಗ ಗದ್ದಕ್ಕ ಗಂಡನ ಮುಂದೆ ತೋಡಿಕೊಂಡಳು. ಉಗ್ರಾಣ, ತಿರುಪು, ಭಾನುವಾರದ ಮಾರನೇ ದಿನ, ಎಲ್ಲ ಹೇಳಿ, ಕೊನೆಗೆ ಆ 'ಸಹಿ'ಯನ್ನು ಸಿಳ್ಳೆ ಸಮೇತ ಅಭಿನಯಿಸಿ ತೋರಿಸಿದಳು. ಗಂಡ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

"ಇನ್ನೊಂದ್ಸಲ ಹೊಡಿ ಆ ಸಿಳ್ಳೇನ."

ಹೊಡೆದಳು.

"ಮೇಲಿನ ಸೆಟ್ಟು!" ಎಂದ ಅವನು, ವೈದ್ಯರು ನಾಡಿ ಹಿಡಿದು ಹೇಳುವ ಹಾಗೆ. "ಎಡಗಡೆ ಹಿಂದೆ ಎದ್ಬಿಟ್ಟಿದೆ. ಅದಕ್ಕೇ ಅವ್ರು ಸಕಾರಾನೇ ಆಡಲ್ಲ ಕಣೇ. ಭಾಷಾಭಿಮಾನವಂತೆ, ಮಣ್ಣು! ನಕ್ರೆ ಸೆಟ್ಟು ಜಾರತ್ತೆ, ಅದಕ್ಕೇ ನಗಲ್ಲ. ಪಾಪ, ಯಾವ ಕಮಂಗಿ ಮಾಡಿಕೊಟ್ನೋ! ಇಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು. ಅವನ ಕೈ ಸೇದಿಹೋಗ."

ಊಟ ಮುಗಿಯುವವರೆಗೂ ಆ ಕಮಂಗಿಗೆ ಬೈಗುಳ ನಡೆಯಿತು. ಸೋಮವಾರ ತಾನೂ ಬರುತ್ತೇನೆ, ಥರ್ಮೊಕೋಲ್ ಹಿಡಿದುಕೊಂಡು ನಿಂತು ಬಾಯಿ ನೋಡುತ್ತೇನೆ ಎಂದ.

ಸೋಮವಾರ ಇಬ್ಬರೂ ಹೋದರು. ಗಂಡ ಬಿಳಿ ಹಲಗೆಯ ಹಿಂದಿನಿಂದ ಕತ್ತು ಉದ್ದ ಮಾಡಿ ಇಣುಕಿದ. ಸ್ಟೋರಿನವರು ಅವನನ್ನು ಒಂದು ಗಳಿಗೆ ನೋಡಿ, ತಲೆ ಬಾಗಿಸಿ, "ಚೆನ್ನಾಗಿದ್ದೀರಾ?" ಎಂದರು.

ಥರ್ಮೊಕೋಲ್ ಹಲಗೆ ನಿಧಾನವಾಗಿ ಕೆಳಗಿಳಿಯಿತು. ಅದರ ಹಿಂದಿದ್ದ ಮುಖ ಹಲಗೆಗಿಂತ ಬೆಳ್ಳಗಾಗಿತ್ತು.

"ಏನ್ರೀ ಆಯ್ತು?" ಎಂದಳು ಗದ್ದಕ್ಕ.

"ಆ ಕಮಂಗಿ" ಎಂದ ಗಂಡ ಸಣ್ಣ ದನಿಯಲ್ಲಿ, "ನಾನೇ ಕಣೇ."

ಎಂಟು ವರ್ಷದ ಹಿಂದೆ ಡಾಕ್ಟರು ಕಳಿಸಿದ ಅಳತೆಗೆ ಇವನೇ ಮಾಡಿದ ಸೆಟ್ಟು. ಎರಡು ದಿನ ಬಿಗಿ ಅನ್ನಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ, ಇಲ್ಲದಿದ್ದರೆ ಬನ್ನಿ ಎಂದು ಹೇಳಿ ಕಳಿಸಿದ್ದ. ಅವರು ಬಂದಿರಲಿಲ್ಲ. ಹೊಂದಿಕೊಂಡಿದೆ ಎಂದು ಇವನು ತಿಳಿದಿದ್ದ.

"ಸ್ವಾಮೀ, ಎಂಟು ವರ್ಷ! ಒಂದು ಮಾತು ಬಂದು ಹೇಳಬಾರದಿತ್ತಾ?" ಎಂದು ಅವನು ಅಳುವುದೊಂದು ಬಾಕಿ.

"ಹೇಗೆ ಹೇಳೋದು?" ಎಂದರು ಸ್ಟೋರಿನವರು ಸಮಾಧಾನವಾಗಿ. "ಮಾಲು ನೆಟ್ಟಗಿದೆ, ನೋಡಿ ಪಡೆದೆ ಅಂತ ನಿಮ್ಮ ಲೆಕ್ಕದ ಪುಟದಲ್ಲಿ ಬರೆದುಕೊಟ್ಟಿದ್ದೆ. ಹಾಗೆ ಬರೆದವರು ಮಾರನೇ ದಿನ ಬಂದು ಕೆಟ್ಟಿದೆ ಅಂದ್ರೆ ನಾನು ಈ ಕಿಟಕೀಲಿ ಒಪ್ಪಲ್ಲ. ಊರಿಗೊಂದು ನ್ಯಾಯ, ನನಗೊಂದು ನ್ಯಾಯ ಅಂತ ಇದೆಯಾ?"

ಗಂಡ ಕೈ ಮುಗಿದ. ಬಿಚ್ಚಿಕೊಡಿ, ಎರಡೇ ದಿನದಲ್ಲಿ ಸರಿಮಾಡಿಕೊಡುತ್ತೇನೆ ಎಂದು ಅಂಗಲಾಚಿದ. ಸ್ಟೋರಿನವರು ಅಲ್ಲಾಡಲಿಲ್ಲ. ಬರೆದದ್ದು ಬರೆದದ್ದೇ. ನೋಡದೆ ಬರೆದದ್ದು ತಮ್ಮ ತಪ್ಪು, ತಪ್ಪಿಗೆ ಅನುಭವಿಸಬೇಕು.

ಆಗ ಗದ್ದಕ್ಕನಿಗೆ ಒಂದು ಉಪಾಯ ಹೊಳೆಯಿತು. ನೂರಾರು ತರದ ಜನರನ್ನು ಸ್ಟೂಲಿನ ಮೇಲೆ ಕೂರಿಸಿದವಳಲ್ಲವೇ, ಯಾರನ್ನು ಯಾವ ಕಡೆಯಿಂದ ತಿರುಗಿಸಬೇಕೆಂದು ಗೊತ್ತಿತ್ತು.

"ಅಲ್ಲ ಸರ್, ಪಡೆದೋರು ವಾಪಸ್ ಕೊಡೋ ಹಾಗಿಲ್ಲ, ಸರಿ. ಮಾಡಿದವರೇ ಬಂದು, ನಮ್ಮ ಮಾಲಲ್ಲಿ ತಪ್ಪಾಗಿದೆ, ವಾಪಸ್ ಕೊಡಿ ಅಂತ ಕೇಳಿದ್ರೆ?"

ಸ್ಟೋರಿನವರ ಹುಬ್ಬು ಮೇಲೇರಿತು. ಮೂವತ್ತು ವರ್ಷದ ಅನುಭವವನ್ನೆಲ್ಲ ತಡಕಿ ನೋಡಿದರು.

"ಅದು ಬೇರೆ" ಎಂದರು ಕೊನೆಗೆ. "ಆದ್ರೆ ಬರಹದಲ್ಲಿ ಕೊಡಬೇಕು."

ಗಂಡ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಬರೆದ: 'ನಮ್ಮಲ್ಲಿ ತಯಾರಾದ ಮೇಲಿನ ಹಲ್ಲಿನ ಸೆಟ್ ಒಂದರಲ್ಲಿ ದೋಷ ಕಂಡುಬಂದಿರುವುದರಿಂದ, ಸದರಿ ಸೆಟ್ಟನ್ನು ಪರೀಕ್ಷೆಗಾಗಿ ಹಿಂದಿರುಗಿಸಲು ಕೋರಿಕೆ.' ಸ್ಟೋರಿನವರು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿಸಿ, ಗೋಡೆಯ ಕಡೆ ತಿರುಗಿದರು. ಮತ್ತೆ ಈ ಕಡೆ ತಿರುಗಿದಾಗ ಕೆನ್ನೆ ಒಳಸರಿದಿತ್ತು. ಕೈಯಲ್ಲಿ ವಾಷರುಗಳ ಹಳೆಯ ಡಬ್ಬಿಯೊಂದಿತ್ತು, ಅದರ ಮೇಲೆ ಚೀಟಿ ಅಂಟಿಸಿತ್ತು: 'ಹಲ್ಲು. ಒಂದು ಜೊತೆಯಲ್ಲಿ ಮೇಲಿನದು ಮಾತ್ರ.'

ಆಮೇಲಿನ ಮೂರು ದಿನ ಸ್ಟೋರಿನವರು ಬಾಯಿ ಬಿಡದೆ ಎಲ್ಲಕ್ಕೂ ಚೀಟಿ ಬರೆದು ಕೊಟ್ಟರು. ಕಾರ್ಖಾನೆಯಲ್ಲಿ ಯಾರಿಗೂ ಹೆಚ್ಚಿನ ವ್ಯತ್ಯಾಸ ತಿಳಿಯಲಿಲ್ಲ. ಗದ್ದಕ್ಕನ ಗಂಡ ಮಾತ್ರ ಆ ಮೂರು ದಿನ ಬೇರೆಲ್ಲ ಕೆಲಸ ಬದಿಗಿಟ್ಟು, ಡಾಕ್ಟರ ಹತ್ತಿರ ಓಡಿ, ಹೊಸ ಅಳತೆ ತೆಗೆಸಿ, ಮದುವೆಯ ಒಡವೆ ಮಾಡುವ ಅಕ್ಕಸಾಲಿಗನಂತೆ ಕೂತು ಹೊಸ ಸೆಟ್ಟನ್ನೇ ಮಾಡಿದ. ಗುರುವಾರ ಸಂಜೆ ಸ್ಟೋರಿನವರು ಹಿಂದಿನ ಕೋಣೆಗೆ ಬಂದು ಹಾಕಿಕೊಂಡರು. ಕನ್ನಡಿ ನೋಡಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ತಲೆಯಾಡಿಸಿ ಹೊರಟುಹೋದರು. ಈ ಸಲ ಯಾವ ಕಾಗದದ ಮೇಲೂ ಏನೂ ಬರೆದುಕೊಡಲಿಲ್ಲ.

"ಸರಿ ಇದೆಯೋ ಇಲ್ಲವೋ ಅಂತಾನೂ ಹೇಳ್ಲಿಲ್ಲವಲ್ಲೇ" ಎಂದು ಗಂಡ ಪೇಚಾಡಿದ.

ಶುಕ್ರವಾರ ಬೆಳಿಗ್ಗೆ ಸಮಾರಂಭ. ಕಾರ್ಖಾನೆಯ ಕ್ಯಾಂಟೀನಿನ ಮೇಜುಗಳನ್ನೆಲ್ಲ ಸೇರಿಸಿ ವೇದಿಕೆ ಮಾಡಿದ್ದರು. ಮುಂದಿನ ಸಾಲಿನಲ್ಲಿ ನಿವೃತ್ತರಾಗುವವರ ಮನೆಯವರು. ಸ್ಟೋರಿನವರ ಹೆಂಡತಿಯೂ ಬಂದಿದ್ದರು, ಗುಂಡಗಿನ ಲಕ್ಷಣವಾದ ಹೆಂಗಸು. ದೊಡ್ಡ ಸಾಹೇಬರು ನಲವತ್ತು ನಿಮಿಷ ಮಾತಾಡಿದರು. ಗದ್ದಕ್ಕ ಆಕಳಿಸುವ ನೂರ ಇಪ್ಪತ್ತು ಬಾಯಿಗಳ ನಡುವೆ ಆಕಳಿಸದ ಒಂದೊಂದು ಮುಖ ಹುಡುಕಿ ಹುಡುಕಿ ತೆಗೆಯುತ್ತಾ ಓಡಾಡಿದಳು.

ಕೊನೆಗೆ ಸ್ಟೋರಿನವರನ್ನು ವೇದಿಕೆಗೆ ಕರೆದು ಗೋಡೆ ಗಡಿಯಾರ ಕೊಟ್ಟರು. ಮೇಡಂ ಮೈಕಿನಲ್ಲಿ, "ಈಗ ಅವರು ಎರಡೇ ಎರಡು ಮಾತಾಡ್ತಾರೆ" ಎಂದರು. ಅವರು ಎರಡು ಮಾತಿಗಿಂತ ಹೆಚ್ಚು ಆಡಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಎಲ್ಲರೂ ಟೀ ಕಡೆಗೆ ಎದ್ದೇಳಲು ತಯಾರಾದರು.

ಸ್ಟೋರಿನವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಸ" ಎಂದರು.

ಮೈಕು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡರು ಜನ.

"ಸ. ಸಹಿ." ಸಿಳ್ಳೆ ಇಲ್ಲ. ಅವರ ಕಣ್ಣು ಅಗಲವಾದವು. "ಸ್ಟೋರು. ಸ್ಕ್ರೂ. ಸ್ಪ್ಯಾನರು. ಸ್ಸ್ಸೋಮವಾರ!"

ಟೀಗೆಂದು ಎದ್ದವರು ಮತ್ತೆ ಕೂತರು. ಮೇಡಂ ಭಾಷಾಭಿಮಾನಿಯ ಬಾಯಲ್ಲಿ ಇವೆಲ್ಲ ಕೇಳಿ ಫೈಲನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. ಹಿಂದಿನ ಸಾಲಿನಲ್ಲಿ ಥರ್ಮೊಕೋಲ್ ಹಿಡಿದು ನಿಂತಿದ್ದ ಗದ್ದಕ್ಕನ ಗಂಡ ಮಾತ್ರ ತೋಳಿನಿಂದ ಕಣ್ಣೊರೆಸಿಕೊಂಡ.

"ಎಂಟು ವರ್ಷದಿಂದ ಮಾತು ಬಾಕಿ ಇದೆ" ಎಂದು ಶುರು ಮಾಡಿದರು ಸ್ಟೋರಿನವರು. "ನಗುವಂತೂ ಮೂವತ್ತು ವರ್ಷದ್ದು ಬಾಕಿ ಇದೆ. ಕೆಲಸಕ್ಕೆ ಸೇರಿದ ಮೊದಲನೇ ದಿನ ನೀವೆಲ್ಲ ನನ್ನ ಕಿಟಕಿಗೆ ಬಂದಿದ್ರಿ. ಹಳಬರು ಹೊಸಬರನ್ನ ಆಟ ಆಡಿಸೋಕೆ, ಇಲ್ಲದ ಸಾಮಾನು ತಗೊಂಡು ಬಾ ಅಂತ ಸ್ಟೋರಿಗೆ ಕಳಿಸ್ತಾರೆ. ನಿಮಗೆಲ್ಲ ಗೊತ್ತು. ಯಾರು ಏನು ಕೇಳಿದ್ರಿ ಅಂತ ನೀವು ಮರ್ತಿರಬಹುದು. ನಾನು ಮರ್ತಿಲ್ಲ."

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು.

"ನಮ್ಮ ಎಲೆಕ್ಟ್ರಿಷಿಯನ್ನು. ಅಲ್ಲಿ ಕಂಬದ ಹಿಂದೆ ಸರೀತಾ ಇದ್ದಾರೆ. ಮೊದಲ ದಿನ ಬಂದು ಕೇಳಿದ್ದು ಅರ್ಧ ಬಕೆಟ್ ಕರೆಂಟು. ಬಕೆಟ್ಟೂ ತಂದಿದ್ರು."

ನಗು ಸಿಡಿಯಿತು.

"ವೆಲ್ಡಿಂಗಿನ ಸೂಪರ್‌ವೈಸರು ಒಂದು ಡಬ್ಬಿ ಕಿಡಿ ಕೇಳಿದ್ರು. ಪೇಂಟಿಂಗಿನವರು ಪಟ್ಟೆ ಪಟ್ಟೆ ಬಣ್ಣ ಬೇಕು ಅಂದ್ರು. ಒಂದೇ ಡಬ್ಬೀಲಿ, ಕೆಂಪು ಬಿಳಿ. ಸಿಬ್ಬಂದಿ ವಿಭಾಗದ ಮೇಡಂ..."

"ನಾನು ಏನೂ ಕೇಳಿಲ್ಲ!" ಎಂದರು ಮೇಡಂ.

"ಮಟ್ಟ ನೋಡೋ ರಸಮಟ್ಟ ಇದೆಯಲ್ಲ, ಅದರೊಳಗಿನ ಗುಳ್ಳೆ, ಒಂದು ಡಜನ್. ದೊಡ್ಡ ಸೈಜು ಸಿಕ್ರೆ ಒಳ್ಳೇದು ಅಂದ್ರಿ."

ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅಂಗಿ ಹಂಚಿಕೊಂಡ ಹದಿನಾರು ಮಂದಿ ಬೆಂಚು ಬಡಿಯುತ್ತಿದ್ದರು. ಗದ್ದಕ್ಕನ ಬೆರಳು ಗುಂಡಿಯ ಮೇಲಿನಿಂದ ಏಳಲೇ ಇಲ್ಲ. ನಾಲ್ಕು ದಿನ ಪ್ಯಾಕಿಂಗ್ ವಿಭಾಗದಲ್ಲಿ ಹಿಂಡಿ ಹಿಂಡಿ ತೆಗೆದ ನಗುವೆಲ್ಲಿ, ಇದೆಲ್ಲಿ! ಮೇಡಂ ಅವಳ ಕಡೆ ತಿರುಗಿ 'ಬೇಡ, ನಿಲ್ಲಿಸಿ' ಎಂದು ಕೈಯಾಡಿಸಿದರು. ಅದನ್ನೂ ಒಂದು ಕ್ಲಿಕ್ಕಿಸಿದಳು.

"ಯಾರನ್ನೂ ನಾನು ನಕ್ಕು ಕಳಿಸ್ಲಿಲ್ಲ" ಎಂದು ಸ್ಟೋರಿನವರು ಮುಂದುವರಿಸಿದರು. "ಮೊದಲನೇ ದಿನ, ಪಾಪ, ಮುಖ ಸಣ್ಣದಾಗಬಾರದು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ. ಅಷ್ಟರಲ್ಲಿ ಅವರಿಗೇ ಗೊತ್ತಾಗಿರ್ತಿತ್ತು. ಯಾರೂ ಮತ್ತೆ ಬರ್ತಿರ್ಲಿಲ್ಲ. ಒಬ್ಬರು ಬಿಟ್ಟು."

ಅವರು ಗಡಿಯಾರವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು.

"ಇಪ್ಪತ್ತಾರು ವರ್ಷದ ಹಿಂದೆ ಒಬ್ಬರು ಟ್ರೈನಿ. ಎಡಗೈಯವರ ಸ್ಪ್ಯಾನರ್ ಕೇಳಿದ್ರು. ಮುಂದಿನ ವಾರ ಬನ್ನಿ ಅಂದೆ. ಬಂದ್ರು. ಅದರ ಮುಂದಿನ ವಾರಾನೂ ಬಂದ್ರು. ಸಪ್ಲೈ ತಡ ಆಗ್ತಿದೆ ಅಂದ್ರೆ, ನಾನೇ ಹೋಗಿ ತರ್ಲಾ ಅಂತ ಕೇಳಿದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ವೇದಿಕೆಯ ಮಧ್ಯದ ಕುರ್ಚಿಯಲ್ಲಿ ದೊಡ್ಡ ಸಾಹೇಬರು ತಮ್ಮ ಎಡಗೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿದರು. ನೂರ ನಲವತ್ತು ಜನ ಅದನ್ನು ನೋಡಿದರು. ಮೇಡಂ ಕಣ್ಣು ಮುಚ್ಚಿಕೊಂಡರು.

ಸಾಹೇಬರು ನಿಧಾನವಾಗಿ ಎದ್ದರು. ಮೈಕಿನ ಹತ್ತಿರ ಬಂದು ಬಗ್ಗಿದರು.

"ಎರಡು ವಾರ ಅಲ್ಲ" ಎಂದರು. "ನಾಲ್ಕು ವಾರ. ಐದನೇ ವಾರ ನನ್ನ ಹೆಂಡ್ತಿ ಹೇಳಿದ್ಮೇಲೆ ಗೊತ್ತಾಯ್ತು."

ಕ್ಯಾಂಟೀನಿನ ತಗಡಿನ ಮಾಡು ಹಾರಿಹೋಗುವುದೊಂದು ಬಾಕಿ. ಎಲ್ಲರ ಕಣ್ಣೂ ಸಾಹೇಬರ ಮೇಲೆ. ಸಾಲಿನಲ್ಲಿದ್ದ ಮೊಬೈಲುಗಳೆಲ್ಲ ಅವರ ಕಡೆಗೇ ಎದ್ದವು. ಗದ್ದಕ್ಕ ಒಬ್ಬಳೇ ಬೇರೆ ಕಡೆ ತಿರುಗಿದಳು. ಒಬ್ಬರು ಮಾತು ಮುಗಿಸಿದ ಮೇಲೆ ಅವರ ಮುಖದಲ್ಲಿ ಏನಾಗುತ್ತದೆ ಎಂದು ಕಾಯುವುದು ಸ್ಟುಡಿಯೋದಲ್ಲಿ ಮೂವತ್ತು ವರ್ಷ ಕಲಿತ ಅಭ್ಯಾಸ. ಸ್ಟೋರಿನವರು ಗಡಿಯಾರವನ್ನು ಎದೆಗೆ ಅವಚಿಕೊಂಡು ಸಾಹೇಬರನ್ನು ನೋಡುತ್ತಿದ್ದರು. ಮೊದಲು ಮೂಗಿನ ಹೊಳ್ಳೆ ನಡುಗಿತು. ಆಮೇಲೆ ಭುಜ. ಆಮೇಲೆ ಬಾಯಿ ತೆರೆದು, ತಲೆ ಹಿಂದಕ್ಕೆಸೆದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಒಂದು ಹಲ್ಲೂ ಅಲುಗಲಿಲ್ಲ. ಅವಳು ಮೂರು ಸಲ ಒತ್ತಿದಳು; ನಾಲ್ಕನೆಯ ಸಲ ತನಗೇ ನಗು ತಡೆಯದೆ ಕೈ ಅಲ್ಲಾಡಿ ಸೀಲಿಂಗ್ ಫ್ಯಾನಿನ ಫೋಟೋ ಬಂತು.

ಟೀ ಹೊತ್ತಿನಲ್ಲಿ ಸ್ಟೋರಿನವರ ಹೆಂಡತಿ ಅವಳನ್ನು ಹುಡುಕಿಕೊಂಡು ಬಂದರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆ ಫೋಟೋ ನೋಡಿ, "ಈ ಮನುಷ್ಯನ ಬಾಯಿ ನಾನೇ ನೋಡಿ ಎಂಟು ವರ್ಷ ಆಗಿತ್ತಮ್ಮ" ಎಂದರು. "ನನ್ನ ಮೇಲೇನೋ ಕೋಪ ಅಂದ್ಕೊಂಡು ನಾನೂ ಬಿಗುಮಾನ ಮಾಡ್ಕೊಂಡಿದ್ದೆ. ಒಂದು ಹಲ್ಲಿನ ಸೆಟ್ಟಿಗೋಸ್ಕರ ಎಂಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ನಲ್ಲ, ಮನೆಗೆ ಬರ್ಲಿ ಇವತ್ತು!" ಹಾಗೆಂದು, ಪಕ್ಕದಲ್ಲೇ ನಿಂತಿದ್ದ ಗಂಡನನ್ನು ಬೈಯುತ್ತಲೇ, ಅವರ ಅಂಗಿಯ ಕತ್ತಿನ ಗುಂಡಿ ಬಿಚ್ಚಿ ಗಾಳಿಯಾಡಲು ಬಿಟ್ಟರು.

ಗೋಡೆಯ ವಿಷಯ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಮೊದಲು ತೆಗೆದ ನೂರ ಮೂವತ್ತೊಂಬತ್ತನ್ನೂ ಜೋಡಿಸಿ ತೋರಿಸಿದಾಗ, ಹದಿನಾರು ಜನರ ಜೇಬಿನ ಕೆಳಗೆ ಒಂದೇ ಶಾಯಿಯ ಕಲೆ ಸಾಲಾಗಿ ಹೊಳೆಯಿತು. ಮೇಡಂ ಕಲೆ ಅಳಿಸಲು ಹೇಳಿದರು. ಆದರೆ ದೊಡ್ಡ ಸಾಹೇಬರು ಸಮಾರಂಭದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಬೆಂಚು ಬಡಿಯುವವರು, ಕಂಬದ ಹಿಂದೆ ಅವಿತ ಎಲೆಕ್ಟ್ರಿಷಿಯನ್ನು, ಕಣ್ಣು ಮುಚ್ಚಿದ ಮೇಡಂ, ಜೇಬಿನಲ್ಲಿ ಕೈಯಿಟ್ಟ ತಾವು. "ಇವೇ ಇರ್ಲಿ" ಎಂದುಬಿಟ್ಟರು. ಎಲೆಕ್ಟ್ರಿಷಿಯನ್ನು ತನ್ನ ಅರ್ಧ ಮುಖ ಮಾತ್ರ ಕಾಣುತ್ತದೆ ಎಂದು ದೂರು ಕೊಟ್ಟ. ಉಳಿದರ್ಧ ಕಂಬದ ಪಾಲು ಎಂದು ಇತ್ಯರ್ಥವಾಯಿತು. ಸ್ಟೋರಿನವರ ನಗು ನಡುಮಧ್ಯದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬಂತು. ಗದ್ದಕ್ಕನ ಗಂಡ ಅದನ್ನು ನೋಡಲೆಂದೇ ಎರಡು ಸಲ ಹೋಗಿ, ಹತ್ತಿರದಿಂದ ಎಡಗಡೆಯ ಕೊನೆಯ ಹಲ್ಲನ್ನು ಪರೀಕ್ಷಿಸಿ ಬಂದ. ಆ ತಿಂಗಳು ಅದೇ ಕಾರ್ಖಾನೆಯಿಂದ ನಾಲ್ಕು ಜನ ಅವನ ಹತ್ತಿರ ಬಂದರು. ನಾಲ್ವರೂ ಅಲ್ಲಿಯವರೆಗೆ ಯಾರಿಗೂ ಹೇಳದೆ ತುಟಿ ಬಿಗಿದುಕೊಂಡಿದ್ದವರು.

ಈಗ ಗದ್ದಕ್ಕನಿಗೆ ಬಿಡುವಿಲ್ಲ. ಬ್ಯಾಂಕು, ಬಸ್ ಡಿಪೋ, ಆಸ್ಪತ್ರೆ, ಎಲ್ಲೆಡೆಯಿಂದಲೂ ಕರೆ. ಎಲ್ಲಿಗೆ ಹೋದರೂ ಮೊದಲ ಅರ್ಧ ಗಂಟೆ ಅವಳು ಕ್ಯಾಮೆರಾ ಚೀಲದ ಜಿಪ್ಪು ಬಿಚ್ಚುವುದಿಲ್ಲ. ಟೀ ಲೋಟ ಹಿಡಿದು ಅವರ ನಡುವೆ ಕೂತು, "ಕೆಲಸಕ್ಕೆ ಸೇರಿದ ಮೊದಲನೇ ದಿನ ಏನಾಯ್ತು, ಹೇಳಿ" ಎಂದು ಕೇಳುತ್ತಾಳೆ. ಒಬ್ಬರು ಶುರು ಮಾಡಿದರೆ ಸಾಕು, ಇನ್ನೊಬ್ಬರು ತಡೆಯಲಾರರು.

ಮೊನ್ನೆ ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್ ಒಬ್ಬರು, ಬಹಳ ಗಂಭೀರ ಮನುಷ್ಯ, ತಮಗೆ ಅಂಥದ್ದೇನೂ ಆಗಿಲ್ಲ ಎಂದು ಎದ್ದು ಹೊರಟವರು ಬಾಗಿಲಲ್ಲಿ ನಿಂತರು.

"ಆಗಿಲ್ಲ ಅಂತ ಅಲ್ಲ" ಎಂದರು. "ಮೊದಲನೇ ದಿನ ಭಯಕ್ಕೆ ಬೆಳಿಗ್ಗೆ ಏನೂ ತಿಂದಿರ್ಲಿಲ್ಲ. ವರಾಂಡದ ಬೆಂಚಿನ ಮೇಲೆ ತಲೆ ಹಿಡ್ಕೊಂಡು ಕೂತಿದ್ದೆ. ಇಬ್ಬರು ವಾರ್ಡ್ ಬಾಯ್‌ಗಳು ಬಂದು ನನ್ನನ್ನೇ ಗಾಡಿ ಮೇಲೆ ಮಲಗಿಸಿ ಆಪರೇಷನ್ ಥಿಯೇಟರಿಗೆ ತಳ್ಕೊಂಡು ಹೋದ್ರು. ನಾನು ಡಾಕ್ಟ್ರು ಕಣ್ರಪ್ಪಾ ಅಂತ ಕೂಗಿದ್ರೆ, ಎಲ್ಲರೂ ಹಾಗೇ ಅಂತಾರೆ ಅಂದ್ರು."

ದಾದಿಯರು ಹೊಟ್ಟೆ ಹಿಡಿದುಕೊಂಡರು. ಸರ್ಜನ್ನರ ಮುಖದಲ್ಲೂ ಏನೋ ಸಡಿಲವಾಗತೊಡಗಿತ್ತು. ಗದ್ದಕ್ಕ ಟೀ ಲೋಟ ಕೆಳಗಿಟ್ಟು, ಸದ್ದಾಗದಂತೆ ಜಿಪ್ಪು ಎಳೆದಳು.